ಟವರ್ ಲೊಕೇಷನ್ ಒಂದರಿಂದಲೇ ಆರೋಪಿ ಸ್ಥಳದಲ್ಲಿದ್ದನೆಂದು ಹೇಳಬಹುದೇ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು ಕಾನೂನು ವಿದ್ಯಾರ್ಥಿ. ಅಭ್ಯಾಸಕ್ಕೆಂದು ಕೊಟ್ಟಿರುವ ಮಾದರಿ ದೋಷಾರೋಪ ಪಟ್ಟಿಯೊಂದರಲ್ಲಿ, ಆರೋಪಿಯ ಮೊಬೈಲ್ ಕೃತ್ಯ ನಡೆದ ಜಾಗದಲ್ಲೇ ಇತ್ತು ಎಂದು ಬರೆದಿದ್ದಾರೆ. ಆಧಾರವಾಗಿ ಇರುವುದು ಕರೆ ವಿವರದ ಒಂದೇ ಸಾಲು: ರಾತ್ರಿ 9.42ಕ್ಕೆ ಬಂದ 38 ಸೆಕೆಂಡುಗಳ ಕರೆ, ಒಂದು ಸೆಲ್ ಐಡಿ (ಕರೆಯನ್ನು ನಿರ್ವಹಿಸಿದ ಆಂಟೆನಾದ ಗುರುತು ಸಂಖ್ಯೆ), ಆಂಟೆನಾದ ದಿಕ್ಕು 240 ಡಿಗ್ರಿ. ಇಷ್ಟರಿಂದ ಅಂಥ ತೀರ್ಮಾನಕ್ಕೆ ಬರಬಹುದೇ? ಇದನ್ನು ಪಡೆಯಲು ಪೊಲೀಸರಿಗೆ ನ್ಯಾಯಾಲಯದ ಅನುಮತಿ ಬೇಕೇ?

ಉತ್ತರ 1:
ಮೊಬೈಲ್ ಜಾಲದ ನಿರ್ವಹಣೆಯಲ್ಲಿ ಹಲವು ವರ್ಷ ದುಡಿದವನಾಗಿ ಹೇಳುತ್ತೇನೆ, ಖಂಡಿತ ಬರಲಾಗದು. ಆ ಸಾಲು ಹೇಳುವುದು ಕರೆಯ ವೇಳೆ ಫೋನು ಯಾವ ಆಂಟೆನಾದ ಸಂಪರ್ಕದಲ್ಲಿತ್ತು ಎಂಬುದನ್ನಷ್ಟೇ. ಸಾಮಾನ್ಯವಾಗಿ ಒಂದು ಟವರಿನ ಸುತ್ತಳತೆಯನ್ನು ಸುಮಾರು 120 ಡಿಗ್ರಿಯ ಮೂರು ಸೆಕ್ಟರುಗಳಾಗಿ ಹಂಚಿರುತ್ತಾರೆ. ಉತ್ತರದಿಂದ ಬಲಕ್ಕೆ ಅಳೆದ 240 ಡಿಗ್ರಿ ಎಂದರೆ ಆ ಸೆಕ್ಟರು ನೈಋತ್ಯದ ಕಡೆಗೆ ಮುಖ ಮಾಡಿದೆ. ಒತ್ತಾಗಿ ಕಟ್ಟಡಗಳಿರುವ ನಗರದಲ್ಲಿ ಅದರ ವ್ಯಾಪ್ತಿ ಕೆಲವು ನೂರು ಮೀಟರುಗಳಿರಬಹುದು, ಬಯಲು ಪ್ರದೇಶದಲ್ಲಿ ಹಲವು ಕಿಲೋಮೀಟರ್ ಚಾಚಿಕೊಂಡಿರಬಹುದು. ಫೋನು ಯಾವಾಗಲೂ ಹತ್ತಿರದ ಟವರನ್ನೇ ಹಿಡಿಯುತ್ತದೆ ಎಂಬುದೂ ತಪ್ಪು ಕಲ್ಪನೆ. ನಡುವೆ ಗುಡ್ಡವೋ ಎತ್ತರದ ಕಟ್ಟಡವೋ ಇದ್ದರೆ, ಅಥವಾ ಹತ್ತಿರದ ಟವರಿನ ಮೇಲೆ ಹೊರೆ ಹೆಚ್ಚಿದ್ದರೆ, ದೂರದ ಟವರಿಗೆ ಹೋಗುತ್ತದೆ. ಎರಡು ಟವರುಗಳ ಗಡಿಯಲ್ಲಿರುವ ಮನೆಯಲ್ಲಿ, ಮೇಜಿನ ಮೇಲಿಟ್ಟ ಫೋನು ಅಲುಗಾಡದೆಯೇ ಒಮ್ಮೆ ಇದರಲ್ಲಿ, ಒಮ್ಮೆ ಅದರಲ್ಲಿ ಕಾಣಿಸಿಕೊಳ್ಳುತ್ತದೆ. ಜಿಪಿಎಸ್ ದಾಖಲೆ ಇದ್ದರೆ ಮಾತು ಬೇರೆ, ಆದರೆ ಅದು ಸಾಮಾನ್ಯ ಕರೆ ವಿವರದಲ್ಲಿ ಇರುವುದಿಲ್ಲ. ಇನ್ನು, ಆ ಹೊತ್ತಿನಲ್ಲಿ ಫೋನು ಯಾರ ಕೈಯಲ್ಲಿತ್ತು ಎಂಬುದನ್ನು ಯಾವ ಟವರೂ ಹೇಳಲಾರದು.

ಉತ್ತರ 2:
ಅನುಮತಿಯ ನಿಯಮ ದೇಶದಿಂದ ದೇಶಕ್ಕೆ ಬೇರೆ. ನೀವು ಓದಲೇಬೇಕಾದದ್ದು ಅಮೆರಿಕದ ಸುಪ್ರೀಂ ಕೋರ್ಟ್ 2018ರಲ್ಲಿ ನೀಡಿದ ಕಾರ್ಪೆಂಟರ್ ತೀರ್ಪು. ಸರಣಿ ದರೋಡೆಯ ಆ ಪ್ರಕರಣದಲ್ಲಿ ತನಿಖಾಧಿಕಾರಿಗಳು ವಾರಂಟ್ ಇಲ್ಲದೆ, 1986ರ ಕಾಯ್ದೆಯೊಂದರ ಅಡಿ, ವಾರಂಟಿಗೆ ಬೇಕಾದಷ್ಟು ಆಧಾರವಿಲ್ಲದೆಯೂ ಸಿಗುವ ನ್ಯಾಯಾಲಯದ ಆದೇಶದ ಮೇಲೆ, ಆರೋಪಿಯ 127 ದಿನಗಳ 12,898 ಸ್ಥಳ ಬಿಂದುಗಳನ್ನು ಪಡೆದಿದ್ದರು. ವ್ಯಕ್ತಿ ದಿನಕ್ಕೆ ನೂರು ಬಾರಿ ಎಲ್ಲೆಲ್ಲಿದ್ದನೆಂಬ ಇಂಥ ದಾಖಲೆ ಅವನ ಖಾಸಗಿ ಬದುಕನ್ನೇ ಬಿಚ್ಚಿಡುತ್ತದೆ. ಆದ್ದರಿಂದ ಸಾಮಾನ್ಯವಾಗಿ ವಾರಂಟ್ ಬೇಕು ಎಂದು ನ್ಯಾಯಾಲಯ 5-4ರ ಬಹುಮತದಿಂದ ಹೇಳಿತು. ತುರ್ತು ಸಂದರ್ಭಗಳಿಗೆ ವಿನಾಯಿತಿ ಉಳಿಯಿತು. ಒಂದು ಟವರಿಗೆ ನಿರ್ದಿಷ್ಟ ವೇಳೆಯಲ್ಲಿ ಸೇರಿದ್ದ ಎಲ್ಲರ ಸಂಖ್ಯೆಗಳನ್ನೂ ಒಟ್ಟಾಗಿ ತರಿಸುವ 'ಟವರ್ ಡಂಪ್' ಕುರಿತು ಮಾತ್ರ ಆ ತೀರ್ಪು ಏನನ್ನೂ ನಿರ್ಧರಿಸಲಿಲ್ಲ. ನನ್ನ ಮಟ್ಟಿಗೆ ಹೆಚ್ಚು ಆತಂಕದ ವಿಷಯ ಅದೇ, ಏಕೆಂದರೆ ಆ ಪಟ್ಟಿಯಲ್ಲಿರುವ ಬಹುತೇಕರಿಗೂ ಅಪರಾಧಕ್ಕೂ ಯಾವ ಸಂಬಂಧವೂ ಇರುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ತನಿಖೆಯಲ್ಲಿ ಇದರ ಉಪಯೋಗವೇ ಇಲ್ಲವೇ?

ಉತ್ತರ 3:
ಬಹಳ ಇದೆ. ಆರೋಪಿ ತಾನು ಬೇರೆ ಊರಿನಲ್ಲಿದ್ದೆ ಎಂದರೆ ಆ ಮಾತನ್ನು ಒರೆಗೆ ಹಚ್ಚಲು, ಕಾಣೆಯಾದವರನ್ನು ಹುಡುಕಲು, ಯಾವ ಪ್ರದೇಶದ ಸಿಸಿಟಿವಿ ದೃಶ್ಯಗಳನ್ನು ನೋಡಬೇಕೆಂದು ನಿರ್ಧರಿಸಲು ಇದಕ್ಕಿಂತ ಒಳ್ಳೆಯ ಸುಳಿವು ಕಡಿಮೆ. ನಿರಪರಾಧಿಯನ್ನು ಬಿಡಿಸಿಕೊಳ್ಳಲೂ ಇದೇ ದಾಖಲೆ ನೆರವಾಗುತ್ತದೆ. ಆದರೆ ಡೆನ್ಮಾರ್ಕಿನಲ್ಲಿ 2019ರಲ್ಲಿ ಆದದ್ದನ್ನು ಮರೆಯಬಾರದು. ಕಂಪನಿಗಳಿಂದ ಬಂದ ಮೂಲ ಮಾಹಿತಿಯನ್ನು ಪರಿವರ್ತಿಸುವಾಗ ಪೊಲೀಸರ ತಂತ್ರಾಂಶ ಕೆಲವು ಅಂಶಗಳನ್ನು ಬಿಟ್ಟುಬಿಡುತ್ತಿದ್ದುದು ಬಯಲಾಗಿ, 10,000ಕ್ಕೂ ಹೆಚ್ಚು ಪ್ರಕರಣಗಳ ಮರುಪರಿಶೀಲನೆಗೆ ಆದೇಶವಾಯಿತು. ಎರಡು ತಿಂಗಳು ಇಂಥ ಸಾಕ್ಷ್ಯದ ಬಳಕೆಯನ್ನೇ ನಿಲ್ಲಿಸಿದರು.

ಉತ್ತರ 1 ಬರೆದವರು:
ಅದಕ್ಕಾಗಿಯೇ ಪೊಲೀಸರು ಬಣ್ಣ ಹಚ್ಚಿ ಕೊಟ್ಟ ನಕ್ಷೆಯನ್ನಲ್ಲ, ಕಂಪನಿಯ ಮೂಲ ಕಡತವನ್ನೇ ಕೇಳಿ. ನಿರ್ವಹಣೆಯ ವೇಳೆ ಆಂಟೆನಾಗಳನ್ನು ತಿರುಗಿಸುವುದುಂಟು. ಆದ್ದರಿಂದ ಆ 240 ಡಿಗ್ರಿ ಘಟನೆ ನಡೆದ ರಾತ್ರಿಯ ದಿಕ್ಕೋ, ತಿಂಗಳುಗಳ ನಂತರ ನಕ್ಷೆ ಬರೆದ ದಿನದ ದಿಕ್ಕೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.