ಗುಳಿಗೆ ಚಟ ಬಿಡುತ್ತಿರುವ ಅಣ್ಣನ ಸೊಂಟ ನೋವಿಗೆ ಕಸರತ್ತು ಆಗುತ್ತಾ?

ಗಂಗಾವತಿಯ ತಮ್ಮ:
ನಮ್ಮಣ್ಣ ರೈಸ್ ಮಿಲ್‌ನಲ್ಲಿ ಹಮಾಲಿ. ಹದಿನೈದು ವರ್ಷ ಚೀಲ ಹೊತ್ತು ಸೊಂಟ ಹಿಡಿದುಹೋಗಿದೆ. ಜೊತೆಯವರು ಯಾರೋ ಟ್ರಮಡಾಲ್ ಅನ್ನೋ ನೋವಿನ ಗುಳಿಗೆ ಕೊಟ್ಟರು, ಒಂದು ನುಂಗಿದರೆ ಸಂಜೆವರೆಗೂ ಚೀಲ ಹೊರಬಹುದಿತ್ತು. ಆಮೇಲೆ ಎರಡಾಯಿತು, ಆರಾಯಿತು, ಕೊನೆಗೆ ಲೆಕ್ಕವೇ ತಪ್ಪಿತು. ಈಗ ಎರಡು ತಿಂಗಳಿಂದ ಡಾಕ್ಟರ್ ಬುಪ್ರೆನಾರ್ಫಿನ್ ಕೊಡುತ್ತಿದ್ದಾರೆ, ಚಟ ಬಿಡಿಸಲು ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಗುಳಿಗೆ. ಚಟದ ಸೆಳೆತ ಕಡಿಮೆಯಾಗಿದೆ, ನೋವು ಮಾತ್ರ ಹಾಗೇ ಇದೆ. ದಿನವಿಡೀ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾನೆ. ಎದ್ದು ನಡಿ ಅಂದ್ರೆ "ನಿನಗೇನು ಗೊತ್ತು ನೋವು" ಅಂತ ಬೈಯುತ್ತಾನೆ. ಯೋಗ ಮಾಡಿದರೆ ಆ ಗುಳಿಗೆನೂ ಬಿಡಬಹುದು ಅಂತಾರೆ ಓಣಿಯವರು. ಹೌದಾ?

ಫಿಸಿಯೋ, ರಾಯಚೂರು:
ಇಲ್ಲ ರೀ, ಓಣಿಯವರ ಮಾತು ಕೇಳಿ ಬುಪ್ರೆನಾರ್ಫಿನ್ ನಿಲ್ಲಿಸಬೇಡಿ. ತಟ್ಟನೆ ಬಿಟ್ಟರೆ ಮೈಕೈ ನೋವು, ಭೇದಿ, ನಿದ್ದೆ ಇಲ್ಲದ ರಾತ್ರಿ ಎಲ್ಲ ವಾಪಸ್ ಬರುತ್ತವೆ. ತಡೆಯಲಾಗದೆ ಹಳೇ ಲೆಕ್ಕದಲ್ಲೇ ಟ್ರಮಡಾಲ್ ನುಂಗಿದರೆ ಆಗ ಮೈ ತಾಳುವುದಿಲ್ಲ. ಫಿಟ್ಸ್ ಬರಬಹುದು, ಉಸಿರೇ ನಿಲ್ಲಬಹುದು.

ಅವರ ನೋವು ನಾಟಕ ಅಂದುಕೊಳ್ಳಬೇಡಿ. ಈ ಥರದ ಗುಳಿಗೆ ಬಹಳ ದಿನ ತಿಂದವರಲ್ಲಿ ಕೆಲವರಿಗೆ ಸಣ್ಣ ನೋವೂ ದೊಡ್ಡದಾಗಿ ಗೊತ್ತಾಗುತ್ತದೆ. ಅದರ ಮೇಲೆ ಮಲಗಿ ಮಲಗಿ ಸೊಂಟದಲ್ಲಿ ಬಲವೂ ಹೋಗಿರುತ್ತದೆ. ಹಾಗಾಗಿ ಕಸರತ್ತು ಬೇಕೇ ಬೇಕು, ಆದರೆ ಜನ ಏನು ಮಾಡುತ್ತಾರೆ ಅಂದ್ರೆ ಚೆನ್ನಾಗಿರುವ ದಿನ ಎರಡು ಕಿಲೋಮೀಟರ್ ನಡೆದುಬಿಟ್ಟು ಆಮೇಲೆ ಮೂರು ದಿನ ಹಾಸಿಗೆ ಹಿಡಿಯುತ್ತಾರೆ. ನೋವು ನೋಡಿ ನಿಲ್ಲಿಸುವುದಲ್ಲ, ಗಡಿಯಾರ ನೋಡಿ ನಿಲ್ಲಿಸಬೇಕು. ಐದು ನಿಮಿಷ ಅಂದ್ರೆ ಐದೇ, ಹುಮ್ಮಸ್ಸಿದ್ದರೂ ಐದೇ. ವಾರಕ್ಕೆ ಒಂದೆರಡು ನಿಮಿಷ ಹೆಚ್ಚಿಸಿ. ಮಂಡಿ ಮಡಚಿ ಅಂಗಾತ ಮಲಗಿ ಸೊಂಟ ಮೆಲ್ಲಗೆ ಎತ್ತಿ ಇಳಿಸುವುದು ಮನೆಯಲ್ಲೇ ಆಗುತ್ತದೆ, ಒಮ್ಮೆ ಯಾರಾದರೂ ಫಿಸಿಯೋ ಹತ್ತಿರ ತೋರಿಸಿಕೊಂಡು ಶುರು ಮಾಡಿ. ಕಾಲಿನ ಬಲ ಕಡಿಮೆಯಾದರೆ, ಉಚ್ಚೆ ಹಿಡಿತ ತಪ್ಪಿದರೆ, ತೊಡೆ ಸಂದಿ ಮರಗಟ್ಟಿದರೆ ಮಾತ್ರ ಕಸರತ್ತು ಬಿಟ್ಟು ಆಗಲೇ ಆಸ್ಪತ್ರೆಗೆ ಓಡಿ.

ಜೀನ್ಸ್ ಟೈಲರ್, ಬಳ್ಳಾರಿ:
ನನ್ನ ಚಟ ಟಪೆಂಟಡಾಲ್, ಅದೂ ಅದೇ ಥರದ ನೋವಿನ ಗುಳಿಗೆ. ಹನ್ನೆರಡು ತಾಸು ಮಷಿನ್ ಮುಂದೆ ಕೂತು ಕುತ್ತಿಗೆಯಿಂದ ಸೊಂಟದವರೆಗೆ ಕಬ್ಬಿಣ ಆಗಿತ್ತು. ಈಗ ಒಂದು ಬಂಡಲ್ ಮುಗಿದರೆ ಎದ್ದೇಳುತ್ತೇನೆ, ಗೋಡೆಗೆ ಬೆನ್ನು ಕೊಟ್ಟು ಹತ್ತು ಉಸಿರು ತಗೊಂಡು ಮತ್ತೆ ಕೂರುತ್ತೇನೆ. ಬೆಳಿಗ್ಗೆ ಐದೂವರೆಗೆ ಕೋಟೆ ಗುಡ್ಡದ ಕಡೆ ನಡಿಗೆ. ನಮ್ಮ ಬಳ್ಳಾರಿ ಬಿಸಿಲಲ್ಲಿ ಏಳು ಗಂಟೆ ಮೇಲೆ ಯಾರು ನಡೀತಾರೆ ಹೇಳಿ! ನೋವು ಪೂರ್ತಿ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ನಿದ್ದೆ ಬರುತ್ತಿದೆ, ಅದೇ ದೊಡ್ಡದು.

ಎದ್ದು ನಡಿ ಅನ್ನಬೇಡಿ ತಮ್ಮಾ, ಅದು ಕೇಳಿದರೆ ಮೈ ಉರಿಯುತ್ತದೆ. ಟೀ ಕುಡಿಯೋಣ ಬಾ ಅನ್ನಿ. ಗುಳಿಗೆ ಕೊಡುತ್ತಿದ್ದ ಮೆಡಿಕಲ್ ಶಾಪ್ ಇರುವ ಬೀದಿ ಬಿಟ್ಟು ಬೇರೆ ದಾರಿ ಹಿಡಿಯಿರಿ. ನಾನು ಒಮ್ಮೆ ಸುಮ್ನೆ ಆ ಕಡೆ ಹೋಗಿ ಶಟರ್ ನೋಡಿದ್ದಕ್ಕೇ ಕೈ ನಡುಗಿತ್ತು.

ಸಿಂಧನೂರು ಅಕ್ಕ:
ಡಾಕ್ಟರ್ ಹತ್ತಿರ ಇನ್ನೊಂದು ಕೇಳಿ. ಬುಪ್ರೆನಾರ್ಫಿನ್ ಸೆಳೆತವನ್ನು ಇಡೀ ದಿನ ತಡೆಯುತ್ತದೆ, ನೋವನ್ನು ಮಾತ್ರ ಆರೆಂಟು ತಾಸು. ಅದಕ್ಕೇ ನೋವಿರುವವರಿಗೆ ದಿನದ ಡೋಸನ್ನೇ ಎರಡು ಮೂರು ಸಲ ಹಂಚಿ ಕೊಡುವುದುಂಟು. ನೀವೇ ಹಂಚಬೇಡಿ ಮತ್ತೆ. ರಾತ್ರಿ ಹೊತ್ತು ಮನಸ್ಸು ತೀರಾ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಗಂಗಾವತಿಯ ತಮ್ಮ:
ಇವತ್ತು ಟೀ ಅಂಗಡಿವರೆಗೆ ಬಂದ, ದಾರಿಯುದ್ದಕ್ಕೂ ಬೈದುಕೊಂಡೇ ಬಂದ. ನಾಲ್ಕು ನಿಮಿಷ ಆಯಿತು. ನಾಳೆನೂ ಅಷ್ಟೇ ಮಾಡಿಸುತ್ತೇನೆ. ಗುಳಿಗೆ ಹಂಚುವ ವಿಷಯ ಸೋಮವಾರ ಡಾಕ್ಟರ್‌ನ ಕೇಳ್ತೀನಿ ಅಕ್ಕಾ.