ಗೋಕರ್ಣದಿಂದ ಮುರುಡೇಶ್ವರಕ್ಕೆ ಕಡಲ ದಂಡೆಯ ನಡಿಗೆ: ಎಷ್ಟು ದಿನ, ಯಾವ ತಿಥಿ, ಹೊಳೆ ದಾಟುವುದು ಹೇಗೆ?

ಪ್ರಶ್ನೆ (ಶಿವಮೊಗ್ಗದ ಸದಸ್ಯೆ):
ನಮಸ್ಕಾರ ಸರ್. ತಾವು ಕರಾವಳಿಯಲ್ಲಿ ಚಾರಣಗಳನ್ನು ನಡೆಸುವ ಮಾರ್ಗದರ್ಶಕರೆಂದು ಬಳಗದವರು ತಿಳಿಸಿದ್ದರಿಂದ ಕೇಳುತ್ತಿದ್ದೇನೆ. ನಾನು, ಅಕ್ಕ ಮತ್ತು ಭಾವ ಮೂವರೂ ಬರುವ ಡಿಸೆಂಬರಿನಲ್ಲಿ ಗೋಕರ್ಣದಿಂದ ಮುರುಡೇಶ್ವರದವರೆಗೆ ಕಡಲ ದಂಡೆಯಲ್ಲೇ ನಡೆಯಬೇಕೆಂದಿದ್ದೇವೆ. ಭಾವನವರಿಗೆ 61 ವರ್ಷ, ಆದರೆ ದಿನವೂ ತಪ್ಪದೆ ನಡೆಯುವವರು. ನಕ್ಷೆಯಲ್ಲಿ ದೂರ 60 ಕಿ.ಮೀ. ಆಸುಪಾಸು ಕಾಣುತ್ತದೆ. ದಿನಕ್ಕೆ 20ರಂತೆ ಮೂರು ದಿನ ಸಾಕಲ್ಲವೇ? ರಾತ್ರಿ ದಂಡೆಯ ಮೇಲೆಯೇ ಟೆಂಟ್ ಹಾಕಿಕೊಳ್ಳಬಹುದೇ?

ಉತ್ತರ:
ನಮಸ್ಕಾರ ಮೇಡಂ. ದಾರಿಯ ಆಯ್ಕೆ ಚೆನ್ನಾಗಿದೆ, ದಿನಗಳ ಲೆಕ್ಕ ಮಾತ್ರ ಸರಿಹೊಂದುವುದಿಲ್ಲ. ಗೋಕರ್ಣಕ್ಕೂ ಮುರುಡೇಶ್ವರಕ್ಕೂ ನೇರ ಗೆರೆ ಎಳೆದರೇ 50 ಕಿ.ಮೀ.ಗಿಂತ ತುಸು ಹೆಚ್ಚಾಗುತ್ತದೆ. ಗುಡ್ಡ ಹತ್ತಿ ಇಳಿಯುವುದು, ಹೊಳೆ ಸಿಕ್ಕಲ್ಲಿ ಒಳನಾಡಿಗೆ ಸುತ್ತುವುದು ಸೇರಿದರೆ ನಿಮ್ಮ 60 ಕೂಡ ಕಡಿಮೆಯೇ. ಅದಕ್ಕಿಂತ ಮುಖ್ಯವಾಗಿ, ದಂಡೆಯ ನಡಿಗೆಯನ್ನು ಕಿಲೋಮೀಟರುಗಳನ್ನು ಭಾಗಿಸಿ ಯೋಜಿಸಲು ಬರುವುದಿಲ್ಲ. ಮೊದಲು ಅಳಿವೆಗಳನ್ನು, ಅಂದರೆ ಹೊಳೆಗಳು ಕಡಲು ಸೇರುವ ಜಾಗಗಳನ್ನು ಗುರುತಿಸಿ, ಪ್ರತಿಯೊಂದನ್ನೂ ಯಾವ ಹೊತ್ತಿನಲ್ಲಿ, ಯಾವ ರೀತಿಯಲ್ಲಿ ದಾಟುತ್ತೀರಿ ಎಂದು ನಿರ್ಧರಿಸಿಕೊಂಡ ಮೇಲೆ ಅವುಗಳ ನಡುವೆ ದಿನಗಳನ್ನು ಹಂಚಬೇಕು.

ನಿಮ್ಮ ದಾರಿಯಲ್ಲಿ ದೊಡ್ಡ ಅಳಿವೆಗಳು ಎರಡು. ಮೊದಲನೆಯದು ಅಘನಾಶಿನಿಯದು. ಗೋಕರ್ಣದಿಂದ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳನ್ನು ದಾಟಿ, ಬೇಲೆಕಾನಿನ ಮೂಲಕ ತದಡಿ ತಲುಪಿದರೆ ಅಲ್ಲಿಂದ ಆಚೆ ದಡದ ಅಘನಾಶಿನಿ ಊರಿಗೆ ತಾರಿ ದೋಣಿ ಇದೆ. ಸಂಜೆ ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂಬುದನ್ನು ಹಿಂದಿನ ದಿನವೇ ತದಡಿಯಲ್ಲಿ ವಿಚಾರಿಸಿಕೊಳ್ಳಿ. ದೋಣಿ ತಪ್ಪಿದರೆ ಮಿರ್ಜಾನದ ಕಡೆಯಿಂದ ರಸ್ತೆಯಲ್ಲಿ ದೂರ ಸುತ್ತಬೇಕಾಗುತ್ತದೆ. ಅಣೆಕಟ್ಟು ಕಾಣದೆ ಸಮುದ್ರ ಸೇರುವ ಈ ನದಿಯ ಅಳಿವೆ ಪ್ರದೇಶಕ್ಕೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್ಸಾರ್ ಮಾನ್ಯತೆ ದೊರೆತಿದೆ. ಇಳಿತದ ಹೊತ್ತಿನಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವವರು ಮೊಣಕಾಲುದ್ದದ ನೀರಿನಲ್ಲಿ ಓಡಾಡುವುದನ್ನು ಕಂಡು, ನಾವೂ ನಡೆದೇ ದಾಟೋಣ ಎನ್ನುವವರಿದ್ದಾರೆ. ಅವರಿಗೆ ಹೊಳೆಯ ತಳ ಗೊತ್ತು, ನಿಮಗೆ ಗೊತ್ತಿಲ್ಲ. ದಯವಿಟ್ಟು ಆ ಸಾಹಸ ಬೇಡ.

ಎರಡನೆಯದು ಹೊನ್ನಾವರದ ಶರಾವತಿ. ಇಲ್ಲಿ ಹೆದ್ದಾರಿ ಸೇತುವೆಯೇ ದಾರಿ. ಲಾರಿಗಳ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ನಡೆಯುವುದಕ್ಕಿಂತ ಆಟೋ ಹತ್ತಿ ಕಾಸರಕೋಡಿನ ಕಡೆ ಇಳಿಯುವುದು ಜಾಣತನ. ಇಡೀ ದಾರಿಯನ್ನು ಕಾಲಿನಿಂದಲೇ ಮುಗಿಸಬೇಕೆಂಬ ಹಟ ಕೆಲವರಿಗಿರುತ್ತದೆ; ಆ ಒಂದು ಸೇತುವೆಯಲ್ಲಿ ಹಟ ಬಿಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ. ಇವೆರಡರ ನಡುವೆ ಕರ್ಕಿಯ ಕಡೆ ಬಡಗಣಿ ಹೊಳೆಯೂ ಅಡ್ಡ ಬರುವುದರಿಂದ, ಅಲ್ಲಿ ದಂಡೆ ಬಿಟ್ಟು ಒಳಗಿನ ರಸ್ತೆ ಹಿಡಿಯಿರಿ.

ಹೀಗೆ ನೋಡಿದರೆ ಐದು ದಿನ ಬೇಕು. ಮೊದಲ ದಿನ ಅಘನಾಶಿನಿ ಊರಿನವರೆಗೆ, ಎರಡನೆಯ ದಿನ ಬಾಡ ಊರಿನ ಮೇಲೆ ಕುಮಟಾ, ಮೂರನೆಯ ದಿನ ಧಾರೇಶ್ವರದ ಮೇಲೆ ಹೊನ್ನಾವರ, ನಾಲ್ಕನೆಯ ದಿನ ಕಾಸರಕೋಡು, ಅಪ್ಸರಕೊಂಡಗಳನ್ನು ದಾಟಿ ಮಂಕಿ, ಐದನೆಯ ದಿನ ಮುರುಡೇಶ್ವರ. ಆತ್ಮಲಿಂಗದ ಕಥೆಯ ಪಂಚಕ್ಷೇತ್ರಗಳಲ್ಲಿ ಗೋಕರ್ಣ, ಧಾರೇಶ್ವರ, ಗುಣವಂತೆ, ಮುರುಡೇಶ್ವರ ನಾಲ್ಕೂ ಈ ದಾರಿಯಲ್ಲೇ ಸಿಗುತ್ತವೆ. ಐದನೆಯದಾದ ಶೆಜ್ಜೇಶ್ವರ ಮಾತ್ರ ಕಾರವಾರದಲ್ಲಿದೆ. ಕೊಂಕಣ ರೈಲು ಮಾರ್ಗ ದಂಡೆಗೆ ಸಮಾನಾಂತರವಾಗಿ ಸಾಗುವುದರಿಂದ, ಯಾರಿಗಾದರೂ ಕಾಲು ನೋವಾದರೆ ಕುಮಟಾ, ಹೊನ್ನಾವರ, ಮಂಕಿಗಳಲ್ಲಿ ಎಲ್ಲಿ ಬೇಕಾದರೂ ನಡಿಗೆ ನಿಲ್ಲಿಸಿ ಮರಳಬಹುದು. ಅರವತ್ತು ದಾಟಿದವರು ಜೊತೆಯಲ್ಲಿರುವಾಗ ಇದು ದೊಡ್ಡ ಅನುಕೂಲ.

ಟೆಂಟ್ ಬೇಡವೆಂದೇ ನನ್ನ ಸಲಹೆ. ಚಳಿಗಾಲದಲ್ಲಿ, ಮುಖ್ಯವಾಗಿ ಹೊನ್ನಾವರದ ಆಸುಪಾಸಿನ ದಂಡೆಗಳಿಗೆ, ಆಲಿವ್ ರಿಡ್ಲೆ ಆಮೆಗಳು ರಾತ್ರಿ ಮೊಟ್ಟೆಯಿಡಲು ಬರುತ್ತವೆ; ಬೆಳಕು ಮತ್ತು ಬೆಂಕಿ ಕಂಡರೆ ತಾಯಾಮೆ ಮೊಟ್ಟೆಯಿಡದೆ ಹಿಂದಿರುಗುತ್ತದೆ. ದಾರಿಯ ಊರುಗಳಲ್ಲಿ ಹೋಂಸ್ಟೇಗಳೂ ವಸತಿಗೃಹಗಳೂ ಇರುವುದರಿಂದ ಟೆಂಟಿನ ಭಾರ ಹೊರುವ ಅಗತ್ಯವೂ ಇಲ್ಲ. ಬೀಚಿನಲ್ಲಿ ಟೆಂಟ್ ಹಾಕಿ ಫೋಟೊ ಹಾಕುವವರು ಈ ಮಾತನ್ನು ಹೇಳುವುದಿಲ್ಲ.

ಮರುಪ್ರಶ್ನೆ (ಅದೇ ಸದಸ್ಯೆ):
ಧನ್ಯವಾದಗಳು ಸರ್, ಐದು ದಿನವೇ ಇಟ್ಟುಕೊಳ್ಳುತ್ತೇವೆ. ಘಟ್ಟದ ಮೇಲಿನವರಾದ ನಮಗೆ ಉಬ್ಬರ ಇಳಿತದ ಲೆಕ್ಕ ಗೊತ್ತಿಲ್ಲ. ಅದನ್ನು ನೋಡಿ ದಿನಾಂಕ ಆರಿಸುವುದು ಹೇಗೆ? ಕಾಲಿಗೆ ಏನು ಹಾಕಿಕೊಳ್ಳಬೇಕು?

ಉತ್ತರ:
ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುವುದರಿಂದ, ಇಳಿತದ ಹೊತ್ತು ದಿನದಿಂದ ದಿನಕ್ಕೆ ಸರಾಸರಿ 50 ನಿಮಿಷ ಮುಂದೆ ಸರಿಯುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆ. ಹುಣ್ಣಿಮೆ ಅಮಾವಾಸ್ಯೆಗಳಂದು ಇಲ್ಲಿ ಉಬ್ಬರ ನಡುಹಗಲಿನ ಹತ್ತಿರಕ್ಕೂ, ಇಳಿತ ಬೆಳಗಿನ ಜಾವ ಮತ್ತು ಸಂಜೆಗೂ ಬೀಳುವುದು ವಾಡಿಕೆ.

ಇದರಿಂದ ನಿಮಗೊಂದು ಅನುಕೂಲವಿದೆ. ಹುಣ್ಣಿಮೆಯ ಮರುದಿನ ಹೊರಟರೆ ಮುಂದಿನ ದಿನಗಳಲ್ಲಿ ಇಳಿತವು ಮುಂಜಾನೆಯಿಂದ ಎಂಟೊಂಬತ್ತು ಗಂಟೆಯ ಕಡೆಗೆ ಸರಿಯುತ್ತಾ ಹೋಗುತ್ತದೆ, ಅಂದರೆ ತಂಪು ಹೊತ್ತು ಮತ್ತು ಗಟ್ಟಿ ಮರಳು ಎರಡೂ ಒಟ್ಟಿಗೆ ದೊರೆಯುತ್ತವೆ. ಬೆಳಕು ಹರಿಯುವಾಗಲೇ ಹೊರಟು, ಹತ್ತೂವರೆಯೊಳಗೆ ದಿನದ ಮುಕ್ಕಾಲು ದಾರಿ ಮುಗಿಸಿ, ಬಿಸಿಲಿಳಿದ ಮೇಲೆ ಉಳಿದದ್ದನ್ನು ನಡೆಯಿರಿ. ಇದು ಅಂದಾಜು ಮಾತ್ರ. ದಿನಾಂಕ ಗೊತ್ತುಮಾಡುವ ಮುನ್ನ ಕಾರವಾರ ಬಂದರಿನ ಉಬ್ಬರವಿಳಿತದ ಪಟ್ಟಿ ನೋಡಿ, ಹೊರಡುವ ಹಿಂದಿನ ದಿನ ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕೋಯಿಸ್ ಸಂಸ್ಥೆ ಎತ್ತರದ ಅಲೆಗಳ ಎಚ್ಚರಿಕೆ ಕೊಟ್ಟಿದೆಯೇ ಎಂದು ತಿಳಿದುಕೊಳ್ಳಿ.

ಉಬ್ಬರದಲ್ಲಿ ನಡೆದರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಆಗ ಉಳಿಯುವುದು ದಂಡೆಯ ಮೇಲ್ಭಾಗದ ಸಡಿಲ, ಇಳಿಜಾರು ಮರಳು ಮಾತ್ರ. ದಕ್ಷಿಣಕ್ಕೆ ನಡೆಯುವವರಿಗೆ ಕಡಲು ಬಲಗಡೆ ಇರುವುದರಿಂದ ದಿನವಿಡೀ ಬಲಗಾಲು ತಗ್ಗಿನಲ್ಲೂ ಎಡಗಾಲು ದಿಣ್ಣೆಯಲ್ಲೂ ಬಿದ್ದು, ಸಂಜೆಗೆ ಸೊಂಟ ಮತ್ತು ಹಿಮ್ಮಡಿ ಹಿಡಿದುಕೊಳ್ಳುತ್ತವೆ. ಅಂಥ ಹೊತ್ತಿನಲ್ಲಿ ಹಟ ಮಾಡದೆ ತೆಂಗಿನ ತೋಟಗಳ ನಡುವಿನ ಊರದಾರಿಗೆ ಹತ್ತಿಬಿಡಿ. ಕಲ್ಲುಬಂಡೆಗಳ ಮೂಲೆಗಳನ್ನು ನೀರಿನಂಚಿನಿಂದ ಸುತ್ತಲು ಹೋಗಬೇಡಿ. ಗುಡ್ಡದ ಮೇಲಿನ ಕಾಲುದಾರಿಯೇ ಕ್ಷೇಮ.

ಕಾಲಿಗೆ ಹಿಂಬದಿ ಪಟ್ಟಿಯಿರುವ ಸ್ಯಾಂಡಲ್ ಸಾಕು. ಒದ್ದೆ ಮರಳಿನಲ್ಲಿ ಬರಿಗಾಲು ಹಿತವೇ, ಆದರೆ ಬಂಡೆಗೆ ಕಚ್ಚಿದ ಚಿಪ್ಪುಗಳು ಬ್ಲೇಡಿನಂತೆ ಕೊಯ್ಯುತ್ತವೆ. ತಲೆಗೆ ಅಗಲ ಅಂಚಿನ ಟೋಪಿ, ತಲಾ ಮೂರು ಲೀಟರ್ ನೀರು, ಓಆರ್‌ಎಸ್ ಪೊಟ್ಟಣಗಳು ಇರಲಿ. ಭಾವನವರು ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ದಿನವಿಡೀ ಬೆವರುವ ನಡಿಗೆಯೆಂದು ಹೇಳಿ ಅವರ ವೈದ್ಯರನ್ನು ಕೇಳಿಕೊಳ್ಳಲಿ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯ):
ಸರ್, ಇದೇ ಕ್ರಮದಲ್ಲಿ ಕಾರವಾರದಿಂದ ಮಂಗಳೂರಿನವರೆಗೂ ನಡೆಯಬಹುದೇ?

ಉತ್ತರ:
ತುಂಡು ತುಂಡಾಗಿ ನಡೆಯಬಹುದು, ಅಖಂಡವಾಗಿ ಆಗುವುದಿಲ್ಲ. ಕಾರವಾರದ ದಕ್ಷಿಣಕ್ಕೆ ಅರಗಾ ಕಡೆಯ ದಂಡೆ ನೌಕಾನೆಲೆಗೆ ಸೇರಿದ್ದರಿಂದ ಅಲ್ಲಿ ಕಾಲಿಡುವಂತಿಲ್ಲ. ಅಂಕೋಲೆಯ ಕಡೆಗೆ ಬಸ್ಸೇ ಗತಿ. ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ, ನಡುವೆ ಹೆದ್ದಾರಿ. ಗಂಗೊಳ್ಳಿಯಿಂದ ಕುಂದಾಪುರ ಕಣ್ಣಿಗೆ ಕಾಣುವಷ್ಟು ಹತ್ತಿರ, ಆದರೆ ಐದು ಹೊಳೆಗಳು ಕೂಡುವ ಆ ಅಳಿವೆಯನ್ನು ದಾಟಲು ದೋಣಿ ಸಿಗದಿದ್ದರೆ ರಸ್ತೆಯಲ್ಲಿ ಬಹಳ ಸುತ್ತು. ಹಲವು ಕಡೆ ಕಡಲ್ಕೊರೆತಕ್ಕೆಂದು ಹಾಕಿದ ಬಂಡೆಗಳ ತಡೆಗೋಡೆಯಿರುವುದರಿಂದ ಉಬ್ಬರದಲ್ಲಿ ನಡೆಯಲು ಮರಳೇ ಉಳಿಯುವುದಿಲ್ಲ. ಕೋಡಿ ಬೆಂಗ್ರೆಯಿಂದ ಮಲ್ಪೆಯವರೆಗಿನ ತುಂಡು, ಕಾಪುವಿನ 1901ರ ದೀಪಸ್ತಂಭದಿಂದ ಪಡುಬಿದ್ರಿಯ ಕಡೆಗಿನ ತುಂಡು, ಇವೆರಡನ್ನು ಮೊದಲು ಒಂದೊಂದು ದಿನದಲ್ಲಿ ನಡೆದು ನೋಡಿ. ದಕ್ಷಿಣದ ತುದಿಯನ್ನು ಸುರತ್ಕಲ್‌ನಲ್ಲಿಯೇ ಇಟ್ಟುಕೊಳ್ಳಿ. ಅಲ್ಲಿಂದ ಮುಂದೆ ಪಣಂಬೂರಿನ ಬಂದರು ಅಡ್ಡ ಬರುತ್ತದೆ.