ಕನ್ನಡ ಅಕ್ಷರಕ್ಕೆ ಯಾವ ಆಕ್ಟಿವಿಟಿ ಬುಕ್ ತರಿಸೋಣ?

ಪುಟ್ಟಿಯ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಮೂರು ತುಂಬಿತು. ಮನೆಯಲ್ಲಿ ನಾವು ಮಾತಾಡುವುದು ಕನ್ನಡವೇ. ಆದರೆ ಪ್ರೀಸ್ಕೂಲ್ ಶುರುವಾದ ಮೇಲೆ ಅವಳ ಉತ್ತರ ಎಲ್ಲ ಇಂಗ್ಲಿಷಿನಲ್ಲಿ. ಮುಚ್ಚಳ ಎತ್ತುವ, ಎಳೆಯುವ, ತಿರುಗಿಸುವ ಕನ್ನಡ ವರ್ಣಮಾಲೆ ಪುಸ್ತಕ ಒಂದು ಕಣ್ಣಿಗೆ ಬಿತ್ತು. ತರಿಸೋಣವಾ? ಇಲ್ಲಾ ಸ್ಟಿಕ್ಕರ್ ಬುಕ್, ಬರೆದು ಒರೆಸುವ ಪುಸ್ತಕ ಸಾಕಾ?

ಇಬ್ಬರು ಮಕ್ಕಳ ತಾಯಿ:
ನಮ್ಮನೆಯಲ್ಲಿ ಇಂಥ ಪುಸ್ತಕಗಳು ರಾಶಿಗಟ್ಟಲೆ ಹರಿದುಹೋಗಿವೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಅಕ್ಷರ ಕಲಿಸೋಕೆ ಅಂತಲೇ ಆದರೆ ಆ ಮುಚ್ಚಳದ ಪುಸ್ತಕ ಬೇಡ. ದೊಡ್ಡವನಿಗೆ ನಾನೂ ಅಂಥದ್ದೇ ತರಿಸಿದ್ದೆ. 'ಅ' ಇರುವ ಮುಚ್ಚಳ ಎತ್ತಿದರೆ ಒಳಗೆ ಅಳಿಲು. ದಿನಕ್ಕೆ ನಲವತ್ತು ಸಲ ಎತ್ತಿ ಮುಚ್ಚಿದ. ವಾರ ಕಳೆದ ಮೇಲೆ ಹಾಳೆಯಲ್ಲಿ 'ಅ' ಬರೆದು ಇದೇನು ಅಂತ ಕೇಳಿದೆ. "ಬಾಗಿಲು" ಅಂದ!

ಆಮೇಲೆ ಗೊತ್ತಾಯಿತು, ತಪ್ಪು ಅವನದಲ್ಲ. ಮನೋವಿಜ್ಞಾನಿ ಜೂಡಿ ಡಿಲೋಶ್ ಮತ್ತು ಜೊತೆಯವರು 2010ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಚಿತ್ರ ಎದ್ದು ನಿಲ್ಲುವ ಪುಸ್ತಕಕ್ಕಿಂತ ಸುಮ್ನೆ ಫೋಟೋ ಇರುವ ಪುಸ್ತಕದಿಂದ ಪುಟ್ಟ ಮಕ್ಕಳು ಹೊಸ ಹೆಸರುಗಳನ್ನು ಚೆನ್ನಾಗಿ ಕಲಿತರಂತೆ. ಕೈಗೆ ಆಟ ಜಾಸ್ತಿಯಾದರೆ ಗಮನವೆಲ್ಲ ಅಲ್ಲೇ ಹೋಗುತ್ತದೆ, ಅಲ್ವಾ?

ಹಾಗಂತ ಮುಚ್ಚಳದ ಪುಸ್ತಕ ದಂಡ ಅಲ್ಲ. ಅದು ಮಾತಿಗೆ ಒಳ್ಳೆಯದು. ಮಗು ಎತ್ತುವ ಮೊದಲು ಮುಚ್ಚಳದ ಮೇಲೆ ನಿಮ್ಮ ಕೈ ಇಡಿ. "ಒಳಗೆ ಯಾರು ಅಡಗಿ ಕೂತಿದ್ದಾರೆ?" ಅಂತ ಕೇಳಿ ಸುಮ್ಮನಿರಿ. ಇದಕ್ಕೆ ಪುಸ್ತಕ ಕನ್ನಡದ್ದೇ ಆಗಬೇಕಿಲ್ಲ, ಲೈಬ್ರರಿಯ ಯಾವ ಪುಸ್ತಕವಾದರೂ ಆದೀತು.

ಸ್ಟಿಕ್ಕರ್ ಬುಕ್ಕಿಗೆ ನನ್ನ ಓಟು. ಕೆಳಗೆ, ಹಿಂದೆ, ಪಕ್ಕದಲ್ಲಿ ಅನ್ನುವ ಮಾತುಗಳು ನಮ್ಮ ಮಕ್ಕಳ ಬಾಯಿಂದ ಬೇಗ ಜಾರಿಹೋಗುತ್ತವೆ. "ಬೆಕ್ಕನ್ನು ಮಂಚದ ಕೆಳಗೆ ಅಂಟಿಸು" ಅಂದರೆ ಅವು ತಾವಾಗಿ ಬರುತ್ತವೆ. ಅವಳು "ಅಂಡರ್ ದ ಬೆಡ್" ಅಂದರೆ ತಿದ್ದಲು ಹೋಗಬೇಡಿ. "ಹೂಂ, ಮಂಚದ ಕೆಳಗೆ!" ಅಂದು ಮುಂದಿನ ಸ್ಟಿಕ್ಕರ್ ಕೊಡಿ. ಸ್ಟಿಕ್ಕರ್‌ಗಳ ಸುತ್ತಲಿನ ಖಾಲಿ ಅಂಟುಹಾಳೆಯನ್ನು ನೀವೇ ಮೊದಲು ಕಿತ್ತುಬಿಡಿ. ಆಗ ಪುಟ್ಟ ಬೆರಳಿಗೆ ಅಂಚು ಸಿಗುತ್ತದೆ, ಅರ್ಧ ಅಳು ಕಡಿಮೆ.

ಬರೆದು ಒರೆಸುವ ಪುಸ್ತಕಗಳು ಸಾಮಾನ್ಯವಾಗಿ ನಿಂತ ಗೆರೆ, ಮಲಗಿದ ಗೆರೆಯಿಂದ ಶುರುವಾಗುತ್ತವೆ. ಇಂಗ್ಲಿಷ್ ಅಕ್ಷರಕ್ಕೆ ಅದು ಸರಿ. ನಮ್ಮವು ಗುಂಡಗಿನ ಅಕ್ಷರಗಳು. ಮೂರರ ಹೊತ್ತಿಗೆ ಮಕ್ಕಳಿಗೆ ಸಾಮಾನ್ಯವಾಗಿ ವೃತ್ತ ನೋಡಿ ಬರೆಯಲು ಬರುತ್ತದೆ, ಚೌಕ ಬರುವುದು ನಾಲ್ಕು ದಾಟಿದ ಮೇಲೆ. ಅಂದರೆ ಕನ್ನಡಕ್ಕೆ ಅವಳ ಕೈ ಆಗಲೇ ತಯಾರಾಗುತ್ತಿದೆ! 49 ಅಕ್ಷರಗಳನ್ನು ಸಾಲಾಗಿ ಹಿಡಿಯಬೇಡಿ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಚಿಕ್ಕ ತರಗತಿಗಳಿಗೆ ಆಡುತ್ತಾ ಕಲಿಸುವ ನಲಿ-ಕಲಿ ಪದ್ಧತಿಯಲ್ಲೂ ಶುರು ಮಾಡುವುದು ರ, ಗ, ಸ, ದ, ಅ ಅಂತ.

ಇದಕ್ಕೆ ಪುಸ್ತಕ ಕೊಳ್ಳುವುದೂ ಬೇಡ. ಹಾಳೆಯ ತುಂಬ ದಪ್ಪಗೆ 'ರ' ಬರೆದು ಪಾರದರ್ಶಕ ಪ್ಲಾಸ್ಟಿಕ್ ಕವರಿಗೆ ಹಾಕಿ, ವೈಟ್‌ಬೋರ್ಡ್ ಮಾರ್ಕರ್ ಕೊಡಿ. ಎಲ್ಲಿಂದ ಶುರು ಅನ್ನೋದಕ್ಕೆ ಒಂದು ಹಸಿರು ಚುಕ್ಕೆ. ಒರೆಸದೆ ಎರಡು ದಿನ ಬಿಟ್ಟು ಕಲೆ ಗಟ್ಟಿಯಾದರೆ ಅದರ ಮೇಲೇ ಮತ್ತೆ ಮಾರ್ಕರ್ ಎಳೆದು ತಕ್ಷಣ ಒರೆಸಿ, ಹೋಗುತ್ತದೆ.

ಒಂದು ಎಚ್ಚರಿಕೆ. ಸದ್ದು ಮಾಡುವ ಪುಸ್ತಕ ಬಂದರೆ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯಾ ನೋಡಿ. ಬಟನ್ ಬ್ಯಾಟರಿ ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಟ್ಟುಹೋಗಬಹುದು. ನುಂಗಿದೆ ಅಂತ ಅನುಮಾನ ಬಂದರೂ ಸಾಕು, ನೇರ ಆಸ್ಪತ್ರೆಗೆ ಓಡಬೇಕು.

ಮೈಸೂರು ಮಾಮ:
ಒಪ್ಪುತ್ತೇನೆ, ಆದರೂ ಒಂದು ಮಾತು. ನನ್ನ ಮಗ ಮುಚ್ಚಳ ಇಲ್ಲದ ಪುಸ್ತಕ ಬಿಚ್ಚಿದರೆ ಎದ್ದು ಓಡುತ್ತಾನೆ. ಅಂಥವರನ್ನು ಏನು ಮಾಡೋಣ?

ಇಬ್ಬರು ಮಕ್ಕಳ ತಾಯಿ:
ಎತ್ತಲಿ ಬಿಡಿ! ತೊಡೆ ಮೇಲೆ ಕೂತನಲ್ಲ, ಅಷ್ಟು ಸಾಕು. ಅಕ್ಷರ ಆಮೇಲೆ. ಮುಚ್ಚಳದ ಮಡಿಕೆಗೆ ಒಳಗಿನಿಂದ ಮೊದಲೇ ಟೇಪ್ ಹಚ್ಚಿಡಿ.

ಪುಟ್ಟಿಯ ಅಮ್ಮ:
ಥ್ಯಾಂಕ್ಸ್ ಅಕ್ಕ. ನಿನ್ನೆ ಸಂಜೆ ಪ್ಲಾಸ್ಟಿಕ್ ಕವರ್ ಕೊಟ್ಟೆ. ಎರಡು ಸಲ 'ರ' ತಿದ್ದಿದಳು. ಮೂರನೇ ಸಲ ಅದರ ನಡುವೆ ಒಂದು ಚುಕ್ಕಿ ಇಟ್ಟು "ಕಣ್ಣು" ಅಂದಳು. ನೋಡಿದರೆ 'ಠ' ಆಗಿದೆ! ಹೇಳಿಕೊಡಲಾ?

ಇಬ್ಬರು ಮಕ್ಕಳ ತಾಯಿ:
ಸದ್ಯಕ್ಕೆ ಕಣ್ಣೇ ಇರಲಿ ಬಿಡಿ. ಕನ್ನಡದಲ್ಲೇ ಹೇಳಿದಳಲ್ಲ!